ಆಕ್ಷೇಪಣೆಗಳಿದ್ದಲ್ಲಿ

ನಕ್ಷೆ ಬರೆಯುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ
ಸಾಗರದ ಈ ಕಚೇರಿಯಲ್ಲಿ ಇದೇ ಮೇಜು, ಇದೇ ಕಿಟಕಿ.
ರಸ್ತೆಗೆ ಬೂದು, ಚರಂಡಿಗೆ ನೀಲಿ, ನಿವೇಶನಕ್ಕೆ ಹಳದಿ,
ಉದ್ಯಾನಕ್ಕೆಂದು ಬಿಟ್ಟ ಮೂಲೆಗೆ ಹಸಿರು.
ಹಳದಿ ಪೆನ್ಸಿಲ್ಲು ತಿಂಗಳಿಗೊಂದು ಸವೆಯುತ್ತದೆ,
ಹಸಿರು ಮಾತ್ರ, ಕೆಲಸಕ್ಕೆ ಸೇರಿದಾಗ ಕೊಟ್ಟದ್ದೇ,
ಇನ್ನೂ ಗೇಣುದ್ದ ಇದೆ.

ಕಾಗದಕ್ಕೆ ಬರುವ ಮೊದಲು ಆ ಜಾಗಕ್ಕೆ
ಸರ್ವೆ ನಂಬರಿನ ಜೊತೆ ಬೇರೆ ಹೆಸರುಗಳಿದ್ದವು.
ಗಡಿ ತೋರಿಸಲು ಬಂದ ತಿಮ್ಮನಾಯ್ಕ ಕೈ ಬೀಸುತ್ತಾ ಹೇಳಿದ:
ಇದು ಕುರುಡಿ ಮಕ್ಕಿ, ಅದು ಕೊಕ್ಕರೆ ಹೊಂಡ,
ಮೇ ತಿಂಗಳಲ್ಲೂ ಅಲ್ಲಿ ಮಣ್ಣು ಕಾಲು ಹಿಡಿಯುತ್ತೆ,
ಆಚೆಗಿನದೆಲ್ಲ ಬಸರೀ ಬ್ಯಾಣ.
ಬರೆದುಕೊಂಡೆ: ಒಂದನೇ ಅಡ್ಡರಸ್ತೆ, ಎರಡನೇ ಅಡ್ಡರಸ್ತೆ.
ಕೊಕ್ಕರೆ ಹೊಂಡದ ಮೇಲೆ ನಲವತ್ತರಿಂದ ಐವತ್ತಾರು.

ಆಕ್ಷೇಪಣೆಗಳಿದ್ದಲ್ಲಿ ಮೂವತ್ತು ದಿನಗಳೊಳಗೆ
ಲಿಖಿತವಾಗಿ ಸಲ್ಲಿಸತಕ್ಕದ್ದು.
ಪತ್ರಿಕೆಯ ಆರನೇ ಪುಟ, ಶ್ರದ್ಧಾಂಜಲಿಗಳ ಕೆಳಗೆ.

ಬಂದದ್ದು ನಾಲ್ಕು.
ಕೆಳಗಿನ ಕೇರಿಯದ್ದು, ಸಹಿ ಹೆಬ್ಬೆಟ್ಟು ಸೇರಿ ಇಪ್ಪತ್ತು:
ನಮ್ಮ ಬಾವಿಗೆ ನೀರು ಇಳಿದು ಬರುವ ದಾರಿ ಅದೇ.
ಗೆರೆ ಹಾಳೆಯಲ್ಲಿ ಏಳನೇ ಕ್ಲಾಸಿನ ಹುಡುಗರದ್ದು:
ಪಿಚ್ಚನ್ನು ಬಿಟ್ಟು ಸುತ್ತ ಸೈಟು ಮಾಡಬಹುದೇ ಎಂದು ವಿನಂತಿ.
ಮೂರನೆಯದು ಟೈಪಾಗಿತ್ತು, ಬಣ್ಣದ ಫೋಟೋ ಸಮೇತ,
ಮಾನಸ ಬಡಾವಣೆ ನಿವಾಸಿಗಳ ಸಂಘ:
ನಮ್ಮ ಬಾಲ್ಕನಿಯಿಂದ ಕಾಣುವ ಹಸಿರನ್ನು ಉಳಿಸಿ.
ಆ ಬಡಾವಣೆಯ ನಕ್ಷೆಯನ್ನೂ ನಾನೇ ಬರೆದಿದ್ದೆ.
ಅದೂ ಗದ್ದೆ. ಹೆಸರು ಕೇಳಿಟ್ಟುಕೊಂಡಿರಲಿಲ್ಲ, ಅಷ್ಟೆ.

ನಾಲ್ಕನೆಯದು ಕಾಗದವೇ ಅಲ್ಲ. ಜೈನಾಬಿ,
ಎರಡು ಎಮ್ಮೆ ಕಟ್ಟಿ ಹೋಟೆಲಿಗೆ ಹಾಲು ಹಾಕುವವಳು,
ಸೊಂಟದ ಕುಡುಗೋಲಿನ ಸಮೇತ ನೇರ ಮೇಜಿಗೆ ಬಂದಳು.
"ಸಾಹೇಬ್ರೆ, ಹುಲ್ಲು ಎಲ್ಲಿ ಬರ್ದೀರಿ ತೋರ್ಸಿ."
ಮೂಲೆಯ ಹಸಿರಿಗೆ ಬೆರಳಿಟ್ಟೆ.
ಕಣ್ಣಲ್ಲೇ ಅಳೆದಳು. "ಒಂದು ಹೊರೆ ಆಗ್ತದೆ. ಸಂಜೆಗೆ?"
ಬರೆದು ಕೊಡಿ ಎಂದೆ.
ಬರೆಯಲು ಬಾರದು ಎಂದಳು.
ಹಾಗಾಗಿ ಕಡತದಲ್ಲಿ ಮೂರೇ ಇವೆ.

ಈಗ ನನ್ನದೂ ಹೇಳಿಬಿಡುತ್ತೇನೆ.
ಮದುವೆಯಾದಾಗಿನಿಂದ ಏಳು ಬಾಡಿಗೆ ಮನೆ.
ಈಗಿನ ಮಾಲೀಕ ವಿಠ್ಠಲ ಶೇಟರು ಒಳ್ಳೆಯವರೇ,
ಕ್ಯಾಲೆಂಡರಿಗೊಂದು ಮೊಳೆ ಹೊಡೆಯಲೇ ಎಂದರೆ
"ಹೊಡ್ಕೊಳ್ಳಿ. ಹುಷಾರು, ಗಾರೆ ಉದುರಬಾರದು" ಎಂದರು.
ರತ್ನಾವತಿ ಆ ವರ್ಷವಿಡೀ ಕ್ಯಾಲೆಂಡರನ್ನು
ಕುರ್ಚಿಗೆ ಒರಗಿಸಿಯೇ ಇಟ್ಟಳು.
ಕೇಳದೆ ಮೊಳೆ ಹೊಡೆಯುವ ಒಂದು ಗೋಡೆ ಬೇಕು ಎಂದಳು,
ಇಷ್ಟು ವರ್ಷಗಳಲ್ಲಿ ಅವಳು ಕೇಳಿದ್ದು ಅದೊಂದೇ.
ಮೂವತ್ತು ನಲವತ್ತು, ಪೂರ್ವದ ಬಾಗಿಲು, ನಂಬರು ನಲವತ್ತೊಂದು.
ಹಳದಿ ತುಂಬುವಾಗ ಆ ಚೌಕಕ್ಕೆ ಮಾತ್ರ
ಪೆನ್ಸಿಲ್ಲು ಮೆಲ್ಲಗೆ ಒತ್ತಿದ್ದೆ.

ಮೊನ್ನೆ ಭಾನುವಾರ ಇಬ್ಬರೂ ನೋಡಲು ಹೋದೆವು.
ಮೂಲೆಗೊಂದರಂತೆ ಕಲ್ಲು ನೆಟ್ಟಾಗಿತ್ತು, ಸುಣ್ಣ ಬಳಿದು.
ನಡುವೆ ಮಂಡಿಯುದ್ದ ಹುಲ್ಲು. ಅದಕ್ಕಿನ್ನೂ ಸುದ್ದಿ ಮುಟ್ಟಿರಲಿಲ್ಲ.
ಟಿಟ್ಟಿಭವೊಂದು ನೆತ್ತಿಯ ಮೇಲೆ ಸುತ್ತಿ ಸುತ್ತಿ ಬೈಯುತ್ತಿತ್ತು.
ರತ್ನಾವತಿ ಹೆಜ್ಜೆ ಹಾಕಿ ಅಳೆದಳು: ಇಲ್ಲಿ ಒಲೆ, ಇಲ್ಲಿ ಕಿಟಕಿ.
ಚಪ್ಪಲಿಯೊಳಗೆ ನೀರು ಬಂದದ್ದನ್ನು
ಇಬ್ಬರೂ ಹೇಳಿಕೊಳ್ಳಲಿಲ್ಲ.

ನಲವತ್ತೆರಡರಲ್ಲಿ ಬಗ್ಗಿದ್ದ ಜೈನಾಬಿ ಎದ್ದಳು,
ಕಲ್ಲಿನವರೆಗೆ ಬಂದು, ದಾಟದೆ, ಕೇಳಿದಳು:
"ಇದು ನಿಮ್ದಾ ಸಾಹೇಬ್ರೆ? ಕೊಯ್ಕೊಳ್ಲಾ?"
ಬಸರೀ ಬ್ಯಾಣದ ಬಯಲಲ್ಲಿ ಅವಳು ಹೀಗೆ ಒಬ್ಬರನ್ನು ಕೇಳಿದ್ದು
ಅದೇ ಮೊದಲಿರಬೇಕು.

ಕೊಯ್ಕೊ, ಎಂದೆ. ಬಾಯಿ ಅಲ್ಲಿಗೇ ನಿಲ್ಲಬೇಕಿತ್ತು.
"ಹುಷಾರು, ಕಲ್ಲು ಅಲ್ಲಾಡಬಾರದು."